36% ಇದ್ದಾಗಲೇ ಸಾಯುತ್ತಿದ್ದ ಬ್ಯಾಟರಿ ಗಾಡಿ: ಐದು ವರ್ಷದ ಪ್ಯಾಕ್ ಬಿಚ್ಚಿ ನೋಡಿದ ಕಥೆ

ಹರಿಹರದಿಂದ ವಾಪಸ್ ಬರುತ್ತಾ ದೊಡ್ಡಬಾತಿ ದಾಟಿ ಇನ್ನೂ ಒಂದು ಕಿಲೋಮೀಟರ್ ಬಂದಿರಲಿಲ್ಲ, ಗಾಡಿ ಆಫ್ ಆಯಿತು. ಡಿಸ್‌ಪ್ಲೇ ಮೇಲೆ 36% ಅಂತ ಇತ್ತು. ಕೀ ಆಫ್ ಮಾಡಿ ಆನ್ ಮಾಡಿದೆ, ಬಂತು. ಇನ್ನೂರು ಮೀಟರ್ ಹೋಯಿತು, ಮತ್ತೆ ಆಫ್. ದಾವಣಗೆರೆಯಿಂದ ಹರಿಹರ 14 ಕಿಲೋಮೀಟರ್, ಹೋಗಿ ಬಂದರೆ 28. ಹೊಸದರಲ್ಲಿ 65 ಕಿಲೋಮೀಟರ್ ಓಡುತ್ತಿದ್ದ ಗಾಡಿ ಅವತ್ತು 21ಕ್ಕೇ ಕೈ ಎತ್ತಿತು. ಸ್ವಲ್ಪ ದೂರ ತಳ್ಳಿದೆ, ಸ್ವಲ್ಪ ದೂರ 15ರ ಸ್ಪೀಡಿನಲ್ಲಿ ತೆವಳಿಸಿದೆ, ಕೊನೆಗೆ ಲಗೇಜ್ ಆಟೋಗೆ ಹತ್ತಿಸಿದೆ. ಆಟೋದವನು "ಪೆಟ್ರೋಲ್ ಗಾಡಿ ಆಗಿದ್ರೆ ಬಾಟ್ಲಲ್ಲಿ ತಂದು ಹಾಕಬಹುದಿತ್ತು ಸಾರ್" ಅಂದ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ.

ಗಾಡಿ ತಗೊಂಡಿದ್ದು 2020ರ ದೀಪಾವಳಿಗೆ. ಓಡಿದ್ದು 31 ಸಾವಿರ ಕಿಲೋಮೀಟರ್. ಮೂರು ವರ್ಷದ ವಾರಂಟಿ ಯಾವಾಗಲೋ ಮುಗಿದಿದೆ. ಸರ್ವಿಸ್ ಸೆಂಟರಿಗೆ ತಗೊಂಡು ಹೋದರೆ ಬ್ಯಾಟರಿ ಪ್ಯಾಕಿನ ಮುಚ್ಚಳ ಕೂಡ ತೆಗೆಯಲಿಲ್ಲ, ಎರಡು ತುದಿಗೆ ಮೀಟರ್ ಇಟ್ಟು ನೋಡಿ "ಬ್ಯಾಟರಿ ಹೋಗಿದೆ, ಹೊಸದು 46 ಸಾವಿರ" ಅಂದರು. ಆ ದುಡ್ಡಿಗೆ ಒಳ್ಳೆ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಗಾಡಿಯೇ ಬರುತ್ತದೆ. ಹೋಗಿರುವುದು ಏನು, ಎಷ್ಟು, ಅಂತಾದರೂ ತಿಳಿಯಬೇಕಲ್ಲ. ಪ್ಯಾಕ್ ವಾಪಸ್ ತಂದೆ.

ಪ್ಯಾಕ್ ಬಿಚ್ಚುವ ಮೊದಲು ಹೊರಗಡೆ ನೋಡುವುದೇ ಸಾಕಷ್ಟಿತ್ತು. ಮೊದಲು ಕಣ್ಣಿಗೆ ಬಿದ್ದಿದ್ದು ಪ್ಯಾಕಿಗೂ ಗಾಡಿಗೂ ಮಧ್ಯೆ ಇರುವ ದೊಡ್ಡ ಕನೆಕ್ಟರ್. ಬೂದು ಬಣ್ಣದ ಪ್ಲಾಸ್ಟಿಕ್ ಪ್ಲಸ್ ಕಡೆ ಮಾತ್ರ ಕಂದು ತಿರುಗಿ, ಅಂಚಿನಲ್ಲಿ ಸ್ವಲ್ಪ ಕರಗಿ ಸೊಟ್ಟಗಾಗಿತ್ತು. ಒಳಗಿನ ತಾಮ್ರದ ನಾಲಿಗೆ ಕಪ್ಪಾಗಿತ್ತು, ಉಗುರಿನಲ್ಲಿ ಕೆರೆದರೆ ಮಸಿ ಬಂತು. ಗಾಡಿಯನ್ನು ಸೆಂಟರ್ ಸ್ಟಾಂಡ್ ಹಾಕಿ ಹಿಂದಿನ ಚಕ್ರ ತಿರುಗಿಸಿದರೆ ಲೋಡೇ ಬರುವುದಿಲ್ಲ, ಹಾಗಾಗಿ ಎರಡು ಸಣ್ಣ ತಂತಿ ಎಳೆದು ಮೀಟರನ್ನು ಹ್ಯಾಂಡಲಿಗೆ ಟೇಪ್ ಹಾಕಿ ಅಂಟಿಸಿ ಓಡಿಸಿಯೇ ನೋಡಿದೆ. 25 ಆಂಪ್ ಎಳೆಯುವಾಗ ಆ ಒಂದು ಜಾಯಿಂಟಿನಲ್ಲೇ 0.4 ವೋಲ್ಟ್ ಬೀಳುತ್ತಿತ್ತು. ಅಂದರೆ 10 ವ್ಯಾಟ್ ಶಾಖ, ಸೀಟಿನ ಕೆಳಗೆ, ಬೆಂಕಿಕಡ್ಡಿ ಪೊಟ್ಟಣದಷ್ಟು ಜಾಗದಲ್ಲಿ. ಹೊಸ ಕನೆಕ್ಟರ್ 350 ರೂಪಾಯಿ. ತಂತಿಗೆ ಅದರ ತುದಿಯನ್ನು ಒತ್ತಿ ಕೂರಿಸುವ ಕ್ರಿಂಪ್ ಇಕ್ಕಳ ನನ್ನ ಹತ್ತಿರ ಇರಲಿಲ್ಲ, ನಮ್ಮ ಬೀದಿ ಕೊನೆಯಲ್ಲಿ ಯುಪಿಎಸ್ ರಿಪೇರಿ ಮಾಡುವ ಅಣ್ಣನ ಅಂಗಡಿಯಲ್ಲಿ ಒತ್ತಿಸಿಕೊಂಡು ಬಂದೆ. ಸುಮ್ನೆ ಕಟಿಂಗ್ ಪ್ಲೇಯರ್‌ನಲ್ಲಿ ಅದುಮಿ ಹಾಕಿದರೆ ಆರು ತಿಂಗಳಲ್ಲಿ ಮತ್ತೆ ಇದೇ ಕಥೆ. ಆಮೇಲೆ ಅಳೆದರೆ 0.03 ವೋಲ್ಟ್. ಇದರಿಂದ ಮೈಲೇಜ್ ಏನೂ ಬರಲಿಲ್ಲ, ಆದರೆ ಇದನ್ನು ಈಗ ನೋಡದೇ ಹೋಗಿದ್ದರೆ ಮುಂದೊಂದು ದಿನ ಇದೇ ದೊಡ್ಡ ತಲೆನೋವು ಆಗುತ್ತಿತ್ತು.

ಎರಡನೆಯದು ಗೋಡೆ ಕಡೆಯ ಲೆಕ್ಕ. ಪ್ಲಗ್ಗಿಗೆ ಹಾಕುವ ಸಣ್ಣ ಯೂನಿಟ್ ಮೀಟರ್ ಒಂದಿದೆ ನನ್ನ ಹತ್ತಿರ, ಫ್ರಿಜ್ ಎಷ್ಟು ತಿನ್ನುತ್ತದೆ ನೋಡೋಣ ಅಂತ ತಂದಿದ್ದು. ಗಾಡಿ ತಾನೇ ಆಫ್ ಆಗುವ ತನಕ ಓಡಿಸಿ, ಆಮೇಲೆ ಚಾರ್ಜರ್ ಹಸಿರು ಆಗುವ ತನಕ ಚಾರ್ಜ್ ಹಾಕಿದೆ. ಗೋಡೆಯಿಂದ 0.98 ಯೂನಿಟ್ ತಗೊಂಡಿತು. ಚಾರ್ಜರಿನಲ್ಲಿ ಹೋಗುವ ನಷ್ಟ ಕಳೆದರೆ ಪ್ಯಾಕಿಗೆ ಸೇರಿದ್ದು 0.86 ಅಂತಿಟ್ಟುಕೊಳ್ಳಿ. ಪ್ಯಾಕ್ ಮೇಲೆ ಬರೆದಿರುವುದು 30 ಆಂಪ್ ಅವರ್, 57.6 ವೋಲ್ಟ್, ಗುಣಿಸಿದರೆ 1.73 ಯೂನಿಟ್. ಸರಿಯಾಗಿ ಅರ್ಧ! ಸೆಲ್‌ಗಳು ವಯಸ್ಸಾಗಿ ಸವೆಯುವುದಾದರೆ ನಿಧಾನವಾಗಿ ಸವೆಯುತ್ತವೆ, ಮತ್ತು ಪರ್ಸೆಂಟೇಜ್ ಪೂರ್ತಿ ಇಳಿದ ಮೇಲೆ ನಿಲ್ಲುತ್ತವೆ. 36% ತೋರಿಸುತ್ತಾ ಸಾಯುವುದಿಲ್ಲ. ಇಲ್ಲೇ ನನಗೆ ಅನುಮಾನ ಬಂದಿದ್ದು.

ಪ್ಯಾಕ್ ಒಳಗೆ ಇರುವುದು 18650 ಅನ್ನುವ ಬೆರಳು ಗಾತ್ರದ ಸೆಲ್‌ಗಳು, ಒಟ್ಟು 192. ಹನ್ನೆರಡು ಸೆಲ್ ಪಕ್ಕಪಕ್ಕ ಸೇರಿಸಿದರೆ ಒಂದು ಗುಂಪು, ಅಂಥ 16 ಗುಂಪು ಒಂದರ ಹಿಂದೆ ಒಂದು. ಮೋಟಾರ್ ಎಳೆಯುವಾಗ ಎಲ್ಲ ಗುಂಪಿನಿಂದಲೂ ಒಂದೇ ಅಳತೆ ಹೋಗುತ್ತದೆ. ಹದಿನಾರು ಕೊಡ ಸಾಲಾಗಿ ಇಟ್ಟು ಪ್ರತಿಯೊಂದರಿಂದ ಒಂದೊಂದೇ ಲೋಟ ತೆಗೆಯುತ್ತಾ ಹೋದ ಹಾಗೆ. ಒಂದು ಕೊಡ ಖಾಲಿಯಾದರೆ ಆಟ ಮುಗಿಯಿತು, ಉಳಿದ ಹದಿನೈದರಲ್ಲಿ ನೀರಿದ್ದರೂ ಅಷ್ಟೇ. ಯಾವುದೇ ಒಂದು ಗುಂಪು 2.8 ವೋಲ್ಟಿಗೆ ಇಳಿದರೆ ಬಿಎಂಎಸ್ ಅನ್ನುವ ಕಾವಲು ಬೋರ್ಡ್ ಕರೆಂಟ್ ಕಟ್ ಮಾಡುತ್ತದೆ. ಡಿಸ್‌ಪ್ಲೇ ನೋಡುವುದು ಮಾತ್ರ ಒಟ್ಟು ವೋಲ್ಟೇಜನ್ನು. ಹದಿನೈದು ಗುಂಪು 3.55 ಇದ್ದು ಒಂದು 2.8 ಇದ್ದರೆ ಒಟ್ಟು 56.05. ಡಿಸ್‌ಪ್ಲೇಗೆ ಅದು ಆರಾಮಾಗಿರುವ ಬ್ಯಾಟರಿ. ಸರ್ವಿಸ್ ಸೆಂಟರಿನವರ ಹಾಗೆ ಎರಡು ತುದಿಗೆ ಮೀಟರ್ ಇಟ್ಟರೂ ಯಾವ ಗುಂಪು ಅಂತ ಗೊತ್ತಾಗುವುದಿಲ್ಲ.

ಭಾನುವಾರ ಬೆಳಿಗ್ಗೆ ಪ್ಯಾಕ್ ಬಿಚ್ಚಲು ಕೂತೆ. ಹಾಲ್‌ನಲ್ಲಿ ಹಳೇ ಚಾಪೆ ಹಾಸುತ್ತಿದ್ದಂತೆ ನಮ್ಮ ಮನೆಯವಳು "ರೀ, ಅದನ್ನ ಮೊದಲು ಆಚೆ ತಗೊಂಡು ಹೋಗಿ" ಅಂದಳು. ಅವಳು ಹೇಳಿದ್ದೇ ಸರಿ. ಅಂಗಳದಲ್ಲಿ, ಮರದ ಹಲಗೆ ಮೇಲೆ, ನೆರಳಿನಲ್ಲಿ ಮಾಡಿದೆ. ಉಂಗುರ, ವಾಚು ಎರಡೂ ತೆಗೆದಿಟ್ಟೆ. ಸ್ಕ್ರೂಡ್ರೈವರಿನ ಕಬ್ಬಿಣದ ಭಾಗಕ್ಕೆ ತುದಿ ಬಿಟ್ಟು ಉಳಿದದ್ದಕ್ಕೆಲ್ಲ ಇನ್ಸುಲೇಶನ್ ಟೇಪ್ ಸುತ್ತಿದೆ. ಇದಕ್ಕೆ ಆಫ್ ಸ್ವಿಚ್ ಇಲ್ಲ, ನೆನಪಿರಲಿ. 67 ವೋಲ್ಟ್ ಡಿಸಿ ಯಾವಾಗಲೂ ಜೀವಂತ, ಒಂದು ಸ್ಕ್ರೂ ಎರಡು ನಿಕ್ಕಲ್ ಪಟ್ಟಿ ಮಧ್ಯೆ ಬಿದ್ದರೆ ಅದು ವೆಲ್ಡಿಂಗ್ ಕಡ್ಡಿಯೇ. ಹೊಗೆ ಬಂದರೆ ಆರಿಸುವ ಶೂರತನ ಬೇಡ, ಬಿಟ್ಟು ದೂರ ಓಡುವುದೇ ಪ್ಲಾನ್ ಅಂತ ಮೊದಲೇ ಇಬ್ಬರೂ ಮಾತಾಡಿಕೊಂಡಿದ್ದೆವು.

ಮುಚ್ಚಳದ ಹತ್ತು ಸ್ಕ್ರೂ, ಸುತ್ತ ಬಿಳಿ ಸಿಲಿಕಾನ್. ತೆಗೆದ ತಕ್ಷಣ ಮೂಗು ಹತ್ತಿರ ಒಯ್ದೆ. ಸೆಲ್ ಸೋರಿದ್ದರೆ ನೇಲ್ ಪಾಲಿಶ್ ಥರದ ಸಿಹಿ ವಾಸನೆ ಬರುತ್ತದೆ. ಬರಲಿಲ್ಲ. ತುಕ್ಕು ಇಲ್ಲ, ನೀರು ಹೋದ ಗುರುತಿಲ್ಲ, ಒಂದು ಮೂಲೆಯಲ್ಲಿ ಮಾತ್ರ ಕೆಂಪು ಧೂಳು. ಬಿಎಂಎಸ್ ಬೋರ್ಡಿಗೆ ಹೋಗುವ ಬಿಳಿ ಕನೆಕ್ಟರಿನಲ್ಲಿ 17 ಸಣ್ಣ ತಂತಿ. ಪಕ್ಕಪಕ್ಕದ ಎರಡು ತಂತಿ ಮಧ್ಯೆ ಅಳೆದರೆ ಒಂದು ಗುಂಪಿನ ವೋಲ್ಟೇಜ್ ಸಿಗುತ್ತದೆ. ಮೀಟರಿನ ಮೊನೆ ದಪ್ಪ, ಪಿನ್ ಹತ್ತಿರ ಹತ್ತಿರ, ಕೈ ಜಾರಿದರೆ ಶಾರ್ಟ್. ಅದಕ್ಕೆ ಮೊನೆಗೆ ಹೊಲಿಗೆ ಸೂಜಿ ಕಟ್ಟಿ, ಸೂಜಿಗೂ ತುದಿ ತನಕ ಟೇಪ್ ಸುತ್ತಿಕೊಂಡೆ.

ಫುಲ್ ಚಾರ್ಜ್ ಹಾಕಿ ಎರಡು ಗಂಟೆ ಸುಮ್ಮನೆ ಬಿಟ್ಟ ಪ್ಯಾಕ್ ಇದು. ಒಂದು, 4.16. ಎರಡು, 4.16. ಮೂರು, 4.17. ಮಗಳು ಪಕ್ಕದಲ್ಲಿ ಕೂತು ನೋಟ್ ಬುಕ್ಕಿನಲ್ಲಿ ಬರೆಯುತ್ತಿದ್ದಳು, ಹತ್ತನೆಯದಕ್ಕೆ ಬರುವಷ್ಟರಲ್ಲಿ "ಅಪ್ಪಾ ಎಲ್ಲ ಒಂದೇ ಬರ್ತಿದೆ" ಅಂತ ಬೇಜಾರಾದಳು. ಹನ್ನೊಂದು, 3.84. ಸೂಜಿ ಸರಿಯಾಗಿ ಕೂತಿಲ್ಲ ಅಂದುಕೊಂಡು ಮತ್ತೆ ಇಟ್ಟೆ. 3.84. ಹನ್ನೆರಡರಿಂದ ಹದಿನಾರು ಮತ್ತೆ 4.16ರ ಆಸುಪಾಸು.

ಇಲ್ಲಿಗೇ "11ನೇ ಗುಂಪು ಕೆಟ್ಟಿದೆ, ಬದಲಾಯಿಸು" ಅನ್ನುವವರು ಜಾಸ್ತಿ. ಯುಪಿಎಸ್ ಅಣ್ಣನೂ ಮೊದಲು ಅದನ್ನೇ ಅಂದ. ಆದರೆ ಕೆಳಗಿನ ತುದಿ, ಅಂದರೆ ಖಾಲಿಯಾದಾಗಿನ ವೋಲ್ಟೇಜ್, ನೋಡದೆ ತೀರ್ಮಾನ ಮಾಡಬಾರದು. ಸೆಲ್ ನಿಜವಾಗಿ ಸವೆದು ಕೊಡವೇ ಚಿಕ್ಕದಾಗಿದ್ದರೆ, ಚಾರ್ಜ್ ಆಗುವಾಗ ಅದು ಎಲ್ಲರಿಗಿಂತ ಮೊದಲು ತುಂಬುತ್ತದೆ, ಖಾಲಿಯಾಗುವಾಗಲೂ ಎಲ್ಲರಿಗಿಂತ ಮೊದಲು ಖಾಲಿಯಾಗುತ್ತದೆ. ಅಂದರೆ ಮೇಲೆ ಹೆಚ್ಚು, ಕೆಳಗೆ ಕಡಿಮೆ. ಕೊಡ ಸರಿಯಾಗಿದ್ದು ನೀರು ಮಾತ್ರ ಕಡಿಮೆ ಇದ್ದರೆ ಮೇಲೂ ಕಡಿಮೆ, ಕೆಳಗೂ ಕಡಿಮೆ. ಪ್ಯಾಕ್ ಮುಚ್ಚಿ ಗಾಡಿಗೆ ಹಾಕಿ ಬಡಾವಣೆಯ ಒಳಗೇ ಸುತ್ತು ಹಾಕಿ ಆಫ್ ಮಾಡಿಸಿದೆ. ವಾಪಸ್ ಬಿಚ್ಚಿ ಅಳೆದರೆ ಉಳಿದದ್ದೆಲ್ಲ 3.6, ಹನ್ನೊಂದನೆಯದು 3.12. ಎರಡೂ ತುದಿಯಲ್ಲಿ ಕಡಿಮೆ. ಅದು ಸತ್ತಿರಲಿಲ್ಲ, ಹಿಂದೆ ಬಿದ್ದಿತ್ತು ಅಷ್ಟೇ. ಎಷ್ಟು ಹಿಂದೆ? ನನ್ನ ಅಂದಾಜಿಗೆ 9 ಆಂಪ್ ಅವರ್.

ಇಂಥದ್ದನ್ನು ಸರಿ ಮಾಡುವುದಕ್ಕೇ ಬಿಎಂಎಸ್ ಇರುವುದು. ಫುಲ್ ಚಾರ್ಜ್ ಹತ್ತಿರ ಬಂದಾಗ ಮುಂದೆ ಇರುವ ಗುಂಪುಗಳ ಚಾರ್ಜನ್ನು ಸಣ್ಣ ರೆಸಿಸ್ಟರಿನಲ್ಲಿ ಸುಟ್ಟು, ಹಿಂದೆ ಇರುವುದು ಬರುವ ತನಕ ಕಾಯುತ್ತದೆ. ಹಾಗಾದರೆ ಯಾಕೆ ಮಾಡಲಿಲ್ಲ?

ಯಾಕೆಂದರೆ ನಾನು ಬಿಡಲಿಲ್ಲ. ಎರಡು ವರ್ಷದ ಹಿಂದೆ "ಲಿಥಿಯಂ ಬ್ಯಾಟರಿ 80% ಮೇಲೆ ಚಾರ್ಜ್ ಮಾಡಬೇಡಿ" ಅಂತ ಎಲ್ಲೆಲ್ಲೂ ಓದಿ, ಟೈಮರ್ ಸಾಕೆಟ್ ತಂದು, ಶಿಸ್ತಾಗಿ 80ಕ್ಕೆ ಕಟ್ ಮಾಡಿಸುತ್ತಿದ್ದೆ. ನನ್ನ ಬೋರ್ಡ್ ಬ್ಯಾಲೆನ್ಸ್, ಅಂದರೆ ಈ ಸರಿದೂಗಿಸುವ ಕೆಲಸ, ಶುರು ಮಾಡುವುದು ಒಂದು ಗುಂಪು 4.18 ವೋಲ್ಟ್ ದಾಟಿದ ಮೇಲೆ. 80%ಗೆ ಆ ವೋಲ್ಟೇಜ್ ಬರುವುದೇ ಇಲ್ಲ. ಎರಡು ವರ್ಷ ಅದಕ್ಕೆ ಕೆಲಸ ಮಾಡುವ ಅವಕಾಶವೇ ಸಿಗಲಿಲ್ಲ. ಸಲಹೆ ಸುಳ್ಳಲ್ಲ, 4.2ರಲ್ಲಿ ಗಂಟೆಗಟ್ಟಲೆ ನಿಂತರೆ, ಅದೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ಸೆಲ್ ಬೇಗ ಸವೆಯುತ್ತದೆ. ಆಗಾಗ ಫುಲ್ ಮಾಡಬೇಕು ಅನ್ನುವುದನ್ನು ಬಿಟ್ಟು ಅರ್ಧ ಸಲಹೆಯನ್ನು ಮಾತ್ರ ಪಾಲಿಸಿದ್ದು ನನ್ನ ತಪ್ಪು.

ಈಗ ಫುಲ್ ಚಾರ್ಜಿಗೆ ಹಾಕಿ ಬಿಟ್ಟರೆ ಬೋರ್ಡ್ ತಾನೇ ಸರಿ ಮಾಡುವುದಿಲ್ಲವೇ? ಲೆಕ್ಕ ಹಾಕಿದೆ. ಅದು ಸುಡುವುದು 60 ಮಿಲಿಆಂಪ್ ಇರಬಹುದು. 9 ಆಂಪ್ ಅವರ್ ಸರಿದೂಗಿಸಲು 150 ಗಂಟೆ, ಆರು ದಿನಕ್ಕೂ ಜಾಸ್ತಿ. ಚಾರ್ಜರ್ ಅಷ್ಟರೊಳಗೆ ನೂರು ಸಲ ಹಸಿರು ತೋರಿಸಿ ಮಲಗಿರುತ್ತದೆ.

ಅದಕ್ಕೆ 11ನೇ ಗುಂಪಿಗೆ ಮಾತ್ರ ಹೊರಗಿನಿಂದ ಚಾರ್ಜ್ ಕೊಟ್ಟೆ. ಅಣ್ಣನ ಅಂಗಡಿಯ ಟೇಬಲ್ ಪವರ್ ಸಪ್ಲೈ ಎರವಲು. ಮೊದಲು ಪ್ಯಾಕ್ ಫುಲ್ ಚಾರ್ಜ್ ಮಾಡಿಕೊಂಡೆ. ಸಪ್ಲೈಯನ್ನು ಯಾವುದಕ್ಕೂ ಜೋಡಿಸದೆ 4.16 ವೋಲ್ಟಿಗೆ ಇಟ್ಟು, ಅದನ್ನು ಬೇರೆ ಮೀಟರಿನಲ್ಲಿ ಎರಡು ಸಲ ಅಳೆದು, ಕರೆಂಟ್ ಮಿತಿ 2 ಆಂಪ್ ಮಾಡಿದೆ. ತಂತಿಗೆ 5 ಆಂಪ್ ಫ್ಯೂಸ್ ಹಾಕಿ, ಗುಂಪಿನ ಎರಡು ಕಡೆಯ ದಪ್ಪ ನಿಕ್ಕಲ್ ಪಟ್ಟಿಗೆ ಕ್ಲಿಪ್ ಸಿಕ್ಕಿಸಿದೆ, ಬೋರ್ಡಿಗೆ ಹೋಗುವ ಆ ಕೂದಲಿನಂಥ ಸೆನ್ಸ್ ತಂತಿಗಳಿಗಲ್ಲ. ಪ್ಲಸ್ ಮೈನಸ್ ಮೂರು ಸಲ ನೋಡಿದೆ. ಒಂದು ಮಾತು, ಗುಂಪು 2 ವೋಲ್ಟಿಗಿಂತ ಕೆಳಗೆ ಹೋಗಿ ಬಹಳ ದಿನ ಬಿದ್ದಿದ್ದರೆ ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಒಳಗಿನ ತಾಮ್ರ ಕರಗಿ ಎಲ್ಲೆಲ್ಲೋ ಅಂಟಿಕೊಂಡಿರುತ್ತದೆ, ಮತ್ತೆ ಚಾರ್ಜ್ ಮಾಡಿದರೆ ಒಳಗೇ ಶಾರ್ಟ್ ಆಗುವ ಭಯ. ನನ್ನದು ಯಾವತ್ತೂ ಅಷ್ಟು ಇಳಿದಿರಲಿಲ್ಲ.

ಹತ್ತೂವರೆಗೆ ಶುರು. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ, ಮಂಡಕ್ಕಿ ಮಿರ್ಚಿ ಅಲ್ಲಿಗೇ ಬಂತು. ಅರ್ಧ ಗಂಟೆಗೊಮ್ಮೆ ವೋಲ್ಟೇಜ್ ಬರೆಯುವುದು, ಸೆಲ್ ಮುಟ್ಟಿ ನೋಡುವುದು. ಬಿಸಿಯೇನೂ ಇಲ್ಲ, ಕೈಗೆ ಬೆಚ್ಚಗೆ ಕೂಡ ಅನ್ನಿಸಲಿಲ್ಲ. ಒಂದೂಕಾಲಕ್ಕೆ ಕರೆಂಟ್ ಹೋಯಿತು. ಕರೆಂಟ್ ಹೋದರೆ ಚಾರ್ಜ್ ನಿಲ್ಲುತ್ತದೆ ಅಷ್ಟೇ ತಾನೇ ಅಂದುಕೊಂಡು ಮಿರ್ಚಿ ಮುಗಿಸುತ್ತಿದ್ದೆ, ಆಗ ಸಪ್ಲೈ ಡಿಸ್‌ಪ್ಲೇಯಲ್ಲಿ ಸಣ್ಣ ಕೆಂಪು ಬೆಳಕು ಇನ್ನೂ ಮಿಣುಕುತ್ತಿರುವುದು ಕಂಡಿತು. ಗೋಡೆಯಲ್ಲಿ ಕರೆಂಟ್ ಇಲ್ಲ, ಬೆಳಕು ಎಲ್ಲಿಂದ? ಸೆಲ್‌ನಿಂದ! ಬ್ಯಾಟರಿಯೇ ಸಪ್ಲೈಗೆ ವಾಪಸ್ ಹರಿಯುತ್ತಿತ್ತು. ಎದ್ದು ಕ್ಲಿಪ್ ಕಿತ್ತೆ. ಅಣ್ಣನಿಗೆ ಫೋನ್ ಮಾಡಿದರೆ "ಅದಕ್ಕೇ ಮಧ್ಯೆ ಒಂದು ಡಯೋಡ್ ಹಾಕ್ಬೇಕು ಕಣೋ, ಹೇಳೋದು ಮರ್ತೆ" ಅಂದ. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ಆದರೆ ಅದನ್ನು ಹಾಕಿದರೆ ಅದರಲ್ಲೇ ಅರ್ಧ ವೋಲ್ಟ್ ಬಿದ್ದು 4.16ರ ಲೆಕ್ಕ ತಪ್ಪುತ್ತದೆ. ಹಾಗಾಗಿ ಪಕ್ಕದಲ್ಲಿ ಕೂತಿರುವುದೇ ನನ್ನ ಡಯೋಡ್. ಐವತ್ತು ನಿಮಿಷಕ್ಕೆ ಕರೆಂಟ್ ಬಂತು, ಕ್ಲಿಪ್ ಮತ್ತೆ ಸಿಕ್ಕಿಸಿದೆ, ಸಂಜೆ ನಾಲ್ಕೂಮುಕ್ಕಾಲಿಗೆ ಗುಂಪಿಗೆ ಹೋಗುವ ಕರೆಂಟ್ 0.1 ಆಂಪಿಗೆ ಇಳಿಯಿತು. ತೆಗೆದೆ.

ಮರುದಿನ ಹದಿನಾರೂ 4.15ರಿಂದ 4.17ರ ಒಳಗೆ. ಹರಿಹರ ಹೋಗಿ ಬಂದೆ, ಆಮೇಲೆ ಕುಂದವಾಡ ಕೆರೆ ಕಡೆ ಸುತ್ತಿ ಸುತ್ತಿ ಬೇಕಂತಲೇ ಖಾಲಿ ಮಾಡಿದೆ. 51 ಕಿಲೋಮೀಟರ್. ಡಿಸ್‌ಪ್ಲೇ 4% ಇದ್ದಾಗ ನಿಂತಿತು, ಅದು ಮರ್ಯಾದೆಯ ಸಾವು. ಚಾರ್ಜ್ ಹಾಕಿದರೆ ಗೋಡೆಯಿಂದ 1.58 ಯೂನಿಟ್. ಅಂದರೆ ಹೊಸದರ 80% ಹತ್ತಿರ ಇನ್ನೂ ಉಳಿದಿದೆ. ಐದು ವರ್ಷಕ್ಕೆ ಇದು ಚೆನ್ನಾಗಿಯೇ ಬಾಳಿದೆ ಅನ್ನಬೇಕು. "ಬ್ಯಾಟರಿ ಹೋಗಿದೆ" ಅಂದವರನ್ನು ನೆನೆಸಿಕೊಂಡೆ.

ಆದರೆ ಕೆಲಸ ಮುಗಿದಿರಲಿಲ್ಲ. ಆ ಒಂದು ಗುಂಪು ಮಾತ್ರ ಯಾಕೆ ಹಿಂದೆ ಬಿತ್ತು? 9 ಆಂಪ್ ಅವರನ್ನು 730 ದಿನಕ್ಕೆ ಹಂಚಿದರೆ ದಿನಕ್ಕೆ 12 ಮಿಲಿಆಂಪ್ ಅವರ್, ಅಂದರೆ ಹಗಲು ರಾತ್ರಿ ಅರ್ಧ ಮಿಲಿಆಂಪ್ ಸೋರಿಕೆ. ಹನಿ ಹನಿ ಸೋರುವ ನಲ್ಲಿ. ಸೆಲ್ ಒಳಗೇ ಸೋರುತ್ತಿದ್ದರೆ ಅದು ಅಪಾಯದ ಲಕ್ಷಣ, ಆ ಗುಂಪನ್ನು ನಂಬುವ ಹಾಗಿಲ್ಲ. ಬೋರ್ಡ್ ಕುಡಿಯುತ್ತಿದ್ದರೆ ಬೋರ್ಡ್ ಬದಲಾಯಿಸಿದರೆ ಸಾಕು. ಬಿಳಿ ಕನೆಕ್ಟರ್ ತೆಗೆದು, 11ನೇ ಗುಂಪಿನ ಪ್ಲಸ್ ತಂತಿಯ ಪಿನ್ನನ್ನು ಸೂಜಿಯಿಂದ ಹೊರಗೆ ಎಳೆದು, ಮಧ್ಯೆ ಮೀಟರನ್ನು ಮಿಲಿಆಂಪಿನಲ್ಲಿ ಸೇರಿಸಿ ಕನೆಕ್ಟರ್ ವಾಪಸ್ ಹಾಕಿದೆ. 0.49. ಅದೇ ಗುಂಪಿನ ಮೈನಸ್ ತಂತಿಯಲ್ಲೂ ಅಷ್ಟೇ, ದಿಕ್ಕು ಮಾತ್ರ ಉಲ್ಟಾ. ಉಳಿದ ಮೂರು ನಾಲ್ಕು ತಂತಿ ನೋಡಿದರೆ ಹತ್ತಿರ ಹತ್ತಿರ ಸೊನ್ನೆ. ಕಳ್ಳ ಸಿಕ್ಕಿದ. ಬೋರ್ಡಿನಲ್ಲಿ ಆ ಗುಂಪಿನ ಬ್ಯಾಲೆನ್ಸ್ ಮಾಡುವ ಪುಟಾಣಿ ಸ್ವಿಚ್ ಪೂರ್ತಿ ಆಫ್ ಆಗುತ್ತಿರಲಿಲ್ಲ.

ಹೊಸ ಬಿಎಂಎಸ್ 2,600 ರೂಪಾಯಿ, ಬ್ಲೂಟೂತ್ ಇರುವುದು. ಆರ್ಡರ್ ಮಾಡುವಾಗ ನೋಡಬೇಕಾದ ಮುಖ್ಯ ವಿಷಯ, ಎಷ್ಟು ಗುಂಪು ಅನ್ನುವುದರ ಜೊತೆಗೆ ಯಾವ ಜಾತಿಯ ಸೆಲ್ ಅನ್ನುವುದು. ನನ್ನದು ಎನ್‌ಎಂಸಿ, 4.2ಕ್ಕೆ ತುಂಬುತ್ತದೆ. ಈಗ ಬರುವ ಎಷ್ಟೋ ಪ್ಯಾಕುಗಳಲ್ಲಿ ಎಲ್‌ಎಫ್‌ಪಿ ಇರುತ್ತದೆ, ಅದು 3.65ಕ್ಕೆ ತುಂಬುತ್ತದೆ. ಒಂದರ ಬೋರ್ಡ್ ಇನ್ನೊಂದಕ್ಕೆ ಹಾಕಿದರೆ ಅನಾಹುತ. ಇನ್ನೊಂದು ಕಡೆ ನಾನೇ ಎಡವಿದೆ. ಹಳೇ ಬೋರ್ಡಿನಲ್ಲಿ ಚಾರ್ಜರಿನ ಮೈನಸ್‌ಗೆ ಬೇರೆ ಜಾಗ, ಮೋಟಾರಿನ ಮೈನಸ್‌ಗೆ ಬೇರೆ. ಹೊಸದರಲ್ಲಿ ಎರಡಕ್ಕೂ ಒಂದೇ. ಗಾಡಿ ಓಡುತ್ತದೆ, ಚಾರ್ಜ್ ಆಗುವುದಿಲ್ಲ, ಅರ್ಧ ದಿನ ಚಾರ್ಜರನ್ನೇ ಬೈದೆ. ಆಮೇಲೆ ನೋಡಿದರೆ ಚಾರ್ಜಿಂಗ್ ಸಾಕೆಟ್ಟಿನ ಕಪ್ಪು ತಂತಿ ಎಲ್ಲಿಗೂ ಸೇರದೆ ನೇತಾಡುತ್ತಿತ್ತು. ಜೋಡಿಸುವ ಕ್ರಮವೂ ಇದೆ. ಮೊದಲು ದಪ್ಪ ಮೈನಸ್, ಆಮೇಲೆ ಕನೆಕ್ಟರ್, ಅದೂ ಪ್ರತಿ ಪಿನ್ನಿನಲ್ಲಿ ವೋಲ್ಟೇಜ್ ಮೆಟ್ಟಿಲಿನ ಹಾಗೆ ಏರುತ್ತಿದೆಯೇ ಅಂತ ನೋಡಿದ ಮೇಲೆ.

ಸೆಲ್ ಬದಲಾಯಿಸುವ ಪರಿಸ್ಥಿತಿ ಬಂದಿದ್ದರೆ ನಾನು ಮಾಡುತ್ತಿರಲಿಲ್ಲ. ಸ್ಪಾಟ್ ವೆಲ್ಡಿಂಗ್ ಮೆಷಿನ್ ಇಲ್ಲದೆ ಸೆಲ್ ಮೇಲೆ ನೇರ ಸೋಲ್ಡರಿಂಗ್ ಮಾಡುವ ವಿಡಿಯೋ ನೋಡಿದಾಗೆಲ್ಲ ಮೈ ಜುಮ್ಮೆನ್ನುತ್ತದೆ. ನನ್ನ ಪ್ಯಾಕ್ ಹಳೇ ಕಾಲದ್ದು ಬೇರೆ. 2022ರಲ್ಲಿ ಸಾಲುಸಾಲಾಗಿ ಗಾಡಿಗಳಿಗೆ ಬೆಂಕಿ ಬಿದ್ದ ಮೇಲೆ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮ ಬಿಗಿ ಮಾಡಿದರಲ್ಲ, ಅದಕ್ಕೂ ಹಿಂದಿನದು. ಟೆಂಪರೇಚರ್ ನೋಡಲು ಇಡೀ ಪ್ಯಾಕಿಗೆ ಒಂದೇ ಸೆನ್ಸರ್ ಇತ್ತು, ಅದೂ ಬೋರ್ಡಿಗೆ ಅಂಟಿಕೊಂಡು. ಹೊಸ ಬೋರ್ಡಿನ ಎರಡು ಸೆನ್ಸರನ್ನು ಸೆಲ್‌ಗಳ ಮಧ್ಯಕ್ಕೆ ತೂರಿಸಿದ್ದೇನೆ.

ಈಗ ಚಾರ್ಜ್ ಮಾಡುವ ರೀತಿ ಹೀಗೆ ಬದಲಾಗಿದೆ. ವಾರದ ದಿನ 80-85ಕ್ಕೇ ಟೈಮರ್ ಕಟ್, ಅದನ್ನು ಬಿಟ್ಟಿಲ್ಲ. ಹದಿನೈದು ದಿನಕ್ಕೊಮ್ಮೆ ಶನಿವಾರ ರಾತ್ರಿ ಫುಲ್, ಹಸಿರು ಬಂದ ಮೇಲೂ ಎರಡು ಗಂಟೆ ಬಿಡುತ್ತೇನೆ, ಭಾನುವಾರ ಬೆಳಿಗ್ಗೆ ಓಡಿಸಿ ಇಳಿಸಿಬಿಡುತ್ತೇನೆ. ಆಫೀಸಿನಿಂದ ಬಂದ ತಕ್ಷಣ ಚಾರ್ಜಿಗೆ ಹಾಕುವ ಅಭ್ಯಾಸ ಹೋಯಿತು. ಬೇಸಿಗೆಯಲ್ಲಿ ಸಂಜೆ ಪ್ಯಾಕ್ 44 ಡಿಗ್ರಿ ಇರುತ್ತದೆ, ಊಟ ಮುಗಿಯುವ ಹೊತ್ತಿಗೆ 36ಕ್ಕೆ ಬರುತ್ತದೆ, ಆಗ ಹಾಕುತ್ತೇನೆ. ಊರಿಗೆ ಹೋಗುವಾಗ ಅರ್ಧ ಚಾರ್ಜಿನಲ್ಲಿ ಬಿಟ್ಟು ಹೋಗುವುದು. ಮೊದಲು ಬಾಗಿಲ ಪಕ್ಕ, ಚಪ್ಪಲಿ ಸ್ಟಾಂಡಿನ ಹತ್ತಿರ ಚಾರ್ಜ್ ಹಾಕುತ್ತಿದ್ದೆ. ಏನಾದರೂ ಆದರೆ ಮನೆಯವರೆಲ್ಲ ಓಡಬೇಕಾದ ದಾರಿಯೇ ಅದು! ಈಗ ಅಂಗಳದ ಶೀಟಿನ ಕೆಳಗೆ ಪಾಯಿಂಟ್ ಹಾಕಿಸಿದ್ದೇನೆ.

ಬ್ಲೂಟೂತ್‌ನಿಂದ ಹೊಸ ಚಟವೊಂದು ಅಂಟಿಕೊಂಡಿದೆ, ಊಟ ಆದ ಮೇಲೆ ಫೋನಿನಲ್ಲಿ ಹದಿನಾರು ನಂಬರ್ ನೋಡುವುದು. ನಾಲ್ಕು ತಿಂಗಳಾಯಿತು, 11ನೆಯದು ಎಲ್ಲರ ಜೊತೆಯಲ್ಲೇ ಇದೆ. ನಿನ್ನೆ ದೊಡ್ಡಬಾತಿಯಲ್ಲಿ ಚಹಾಕ್ಕೆ ನಿಲ್ಲಿಸಿ ನೋಡಿದೆ, 3.68, ಎಲ್ಲವೂ. ಚಾರ್ಜರಿನ ಫ್ಯಾನ್ ಮಾತ್ರ ಈಗ ಕರಕರ ಅನ್ನಲು ಶುರು ಮಾಡಿದೆ, ಬರುವ ಭಾನುವಾರ ಅದನ್ನು ಬಿಚ್ಚಬೇಕು.